ಮಸಗುಪ್ಪಿ ಹುಡುಗಿ, ಫ್ರಾನ್ಸಿನ ಮುದುಕಿ

ನನ್ನ ಹಣ್ಯಾಗ ದೇವರು ಒಲಿ ಒಂದ ಬರದಿದ್ರ ಚಲೋ ಇತ್ತು, ಬಾಜೂಕ ಫಜೀತಿನೂ ಬರದಾನ. ನಾ ಅಡಗಿಗೆ ಕುಂತಲ್ಲೆಲ್ಲ ಏನರ ಒಂದು ಆಗತೈತಿ. ಜರ್ಮನ್ ಲಡಾಯಿಯೊಳಗ ಫ್ರಾನ್ಸಿಗೆ ಹೋದಾಗಂತೂ, ಮಸಗುಪ್ಪಿಯೊಳಗ ನಿಶ್ಚಯ ಆಗಿದ್ದ ಲಗ್ನಾನ ಮುರೀತಿತ್ತು.

೧. ಬಡಿಯೋ ಸಪ್ಪಳ

ಮಮದಾಪುರದಾಗ ಅವ್ವನ ಕಡಿಂದ ರೊಟ್ಟಿ ಬಡಿಯೋದು ಕಲತಾಂವ ನಾ. ಪಲ್ಟನ್ನಿನ ಅಡಗಿಯಾಂವ ಆದ್ರೂ ಕೈ ರೂಢಿ ಬಿಡಲಿಲ್ಲ. ಫ್ರಾನ್ಸಿನ್ಯಾಗ ನಮ್ಮನ್ನ ಒಬ್ಬಾಕಿ ಮುದುಕಿ ಮನ್ಯಾಗ ಇಳಿಸಿದ್ರು. ಮುಂಜಾನೆ ಗೋದಿಹಿಟ್ಟಿನ ರೊಟ್ಟಿ ಪಟಪಟ ಬಡಿಯಾಕ ಹತ್ತಿದೆ. ಯಾರನ್ನೋ ಹೊಡಿಯಾಕತ್ತಾರಂತ ತಿಳಕೊಂಡು ಮುದುಕಿ ಕಸಬರಿಗಿ ಹಿಡಕೊಂಡು ಓಡಿ ಬಂದಳು. ಬಾಜೂಕ ಕುಂತಿದ್ದ ಹುಕ್ಕೇರಿ ಗೆಳೆಯಾಗ ನಾಕು ಏಟು ಬಿದ್ದ ಮ್ಯಾಲೆ ಆಕಿಗೆ ರೊಟ್ಟಿ ಕಾಣಿಸಿತು. ಮರುದಿನದಿಂದ ಕಸಬರಿಗಿ ಬಿಟ್ಟು ತಾಟು ಹಿಡಕೊಂಡು ಬರಾಕ ಹತ್ತಿದಳು.

೨. ಗಲ್ಲದ ಮುತ್ತು

ಪಲ್ಟನ್ ಹೊಂಡೋ ದಿನ ಮುದುಕಿ ಕಣ್ಣೀರು ಹಾಕಿ ನನ್ನ ಎರಡೂ ಗಲ್ಲಕ್ಕ ಮುತ್ತು ಕೊಟ್ಟಳು. ಅದು ಅವರ ಕಡಿ ಪದ್ಧತಿ. ನಾ ನಾಚಿ ನೆಲಾ ನೋಡಿದೆ.

ಹುಕ್ಕೇರಿಯಾಂವ ನನಗಿಂತ ಮೊದಲ ಊರಿಗೆ ಬಂದಿದ್ದ. ಈಂವ ರೊಟ್ಟಿ ಬಡದು ಹಾಕತಿದ್ದ, ಆಕಿ ಮುತ್ತು ಕೊಟ್ಟಳು ಅಂತ ಗೋಕಾಕ ಸಂತ್ಯಾಗ ಎಲ್ಲಾ ಹೇಳಿಬಿಟ್ಟಿದ್ದ, ಆಕಿ ಮುದುಕಿ ಅನ್ನೋದು ಒಂದ ಬಿಟ್ಟು. ಸುದ್ದಿ ಮಸಗುಪ್ಪಿ ಮುಟ್ಟೋದ್ರೊಳಗ ನನಗ ಫ್ರಾನ್ಸಿನ್ಯಾಗ ಲಗ್ನ ಆಗಿ ಒಂದು ಕೂಸೂ ಆಗಿತ್ತು.

೩. ಸಾಕ್ಷಿ

ಹುಡುಗಿನ್ನ ನಾ ಹೋಗೋ ಮುಂದ ಒಮ್ಮೆ ನೋಡಿದ್ದೆ, ಅಷ್ಟ. ಆ ಮುಖಾ ನೆನಸಕೋತನ ಲಡಾಯಿ ದಿನಾ ತಗದಿದ್ದೆ. ಈಗ ಆಕಿ ಅಪ್ಪ ಹಿರ್ಯಾರನ್ನ ಕೂಡಿಸಿ, ಹುಕ್ಕೇರಿಯಾಂವನ್ನ ಸಾಕ್ಷಿಗೆ ಕರಸಿದ. ನಾ ಹೇಳಾಕ ಹೋದ್ರ, ಮೊದಲ ಸಾಕ್ಷಿ ಹೇಳಲಿ ಅಂದ್ರು.

ಮುತ್ತು ಕೊಟ್ಟದ್ದು ಖರೆ ಏನಂತ ಕೇಳಿದ್ರು. ಖರೆ, ಕಣ್ಣಾರೆ ನೋಡೇನಿ ಅಂದ. ಆಗ ಹುಡುಗಿ ಅಜ್ಜಿ ಸಾಕ್ಷಿ ಕಡೆ ತಿರುಗಿದಳು.

"ಮತ್ತ ನಿನಗ ಕೊಡಲಿಲ್ಲೇನೋ ತಮ್ಮಾ?"

ಅಂವ ತಲಿ ಕೆರಕೊಂಡ. "ನನಗೂ ಕೊಟ್ಟಳ್ರಿ. ಬಾಯಾಗ ಹಲ್ಲಿಲ್ಲದ ಮುದುಕಿ ರೀ ಆಕಿ. ನಮ್ಮ ಸಾಮಾನು ಹೊರೋ ಕತ್ತೆಗೂ ಕೊಟ್ಟಳು."

ಎಲ್ಲಾರೂ ಬಿದ್ದಬಿದ್ದು ನಕ್ಕರು. ನನಗ ಹೋದ ಜೀವ ಬಂತು. ಆದ್ರೂ ಅಪ್ಪ, ಬಾಗಿಲ ಹಿಂದ ನಿಂತಿದ್ದ ಮಗಳನ್ನ ಒಂದು ಮಾತು ಕೇಳಿದ.

"ಮುತ್ತಿನ ಮಾತು ಇರಲಿ ಬಿಡಪಾ," ಅಂದಳು. "ಅವರು ರೊಟ್ಟಿ ಬಡೀತಾರಂತಲ್ಲ, ಅದು ಖರೆ ಏನು ಕೇಳು."

ನಾ ಖುಷಿಯೊಳಗ ಖರೆ ಅಂದುಬಿಟ್ಟೆ. ಈಗ ಮೊಮ್ಮಕ್ಕಳು ಬಂದಾವ, ಇನ್ನೂ ನಾನ ಬಡಿಯಾಕತ್ತೇನಿ.