ಗೋಡೆಯ ಮೇಲೆ ಕೆಂಪು ಅಂಕಿ

ನಡೆದದ್ದು ಇಷ್ಟೇ. ಬೇಸಿಗೆ ರಜೆಯಲ್ಲಿ ಮೂರು ಕಾಲೇಜು ಮಕ್ಕಳು ನಮ್ಮ ಬೀದಿಯ ಗೋಡೆಗಳಿಗೆ ಚಿತ್ರ ಬರೆಯಲು ಬಂದರು, ನಾನು ಅವರ ಕೆಲಸ ಕೆಡಿಸಿದೆ. ಇದಕ್ಕೆ ಅವರ ಸರ್ರು ಬೇರೆ ಏನೋ ಹೆಸರು ಕೊಟ್ಟರು. ಏನು ಹೆಸರಿಟ್ಟರೂ ಕೆಡಿಸಿದ್ದು ಕೆಡಿಸಿದ್ದೇ.

ಮೂವರಲ್ಲಿ ಒಬ್ಬಳು ನನ್ನ ಮಗಳ ಮಗಳು ರಶ್ಮಿ. ಜೊತೆಗೆ ಕನಕಪುರದ ಹುಡುಗ ಮಂಜು, ಮಾಗಡಿಯ ಹುಡುಗಿ ದಿವ್ಯ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದೆ ನಮ್ಮ ಬೀದಿ. ಅಲ್ಲಿ ಐದು ಗೋಡೆ ಮುಗಿಸಿದರೆ ಒಂದು ಕಾಗದ ಕೊಡುತ್ತಾರಂತೆ, ಆ ಕಾಗದ ಇಲ್ಲದಿದ್ದರೆ ಈ ವರ್ಷ ಪಾಸಿಲ್ಲವಂತೆ. ಇಂಟರ್ನ್‌ಶಿಪ್ ಎಂದಳು ರಶ್ಮಿ. ಸಂಬಳ ಎಷ್ಟು ಎಂದೆ. ಇಲ್ಲ ಎಂದಳು. ಅಲ್ಲಿಂದಲೇ ಶುರುವಾಯಿತು ನನ್ನ ಅನುಮಾನ. ನಾನು ರೀಲಿಂಗ್ ಘಟಕದಲ್ಲಿ ಕುದಿನೀರಿಗೆ ಕೈ ಅದ್ದಿ ಗೂಡಿನಿಂದ ರೇಷ್ಮೆ ಎಳೆ ತೆಗೆದು ಬದುಕಿದವಳು. ಬಿಟ್ಟಿಗೆ ಬಿಸಿಲಲ್ಲಿ ನಿಲ್ಲುವವರನ್ನು ಚುನಾವಣೆಯಲ್ಲೂ ಕಂಡಿಲ್ಲ.

ಮೊದಲ ದಿನವೇ ಮಂಜು ಟೇಪು ಹಿಡಿದು ನಮ್ಮ ಗೋಡೆ ಅಳೆದ. ದಿವ್ಯ ನೀಲಿ ಪುಡಿ ಹಚ್ಚಿದ ದಾರ ಚಟೀರನೆ ಮಿಡಿದು ಚೌಕ ಚೌಕವಾಗಿ ಗೆರೆ ಬೀಳಿಸಿದಳು. ರಶ್ಮಿ ಒಂದೊಂದು ಚೌಕಕ್ಕೂ ಕೆಂಪು ಬಣ್ಣದಲ್ಲಿ ಅಂಕಿ ಹಾಕಿದಳು. ನಾನು ಹತ್ತಿರ ಹೋಗಿ ನೋಡಿದೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಅಕ್ಷರವನ್ನು ತಡವಿ ತಡವಿ ಓದುತ್ತೇನೆ, ಅಂಕಿ ಮಾತ್ರ ಸರಾಗ. ಹಿಂದೊಮ್ಮೆ ಹೀಗೇ ಟೇಪು ಹಿಡಿದು ಬಂದವರು ಗೋಡೆಗೆ ಕೆಂಪು ಅಂಕಿ ಬರೆದು, “ಏನಿಲ್ಲ ಕಣಮ್ಮ, ಸುಮ್ನೆ ಗುರ್ತಿಗೆ” ಎಂದು ಹೋಗಿದ್ದರು. ಮುಂದಿನ ತಿಂಗಳು ರಸ್ತೆ ಅಗಲವಾಯಿತು, ನಮ್ಮ ಜಗಲಿ ಹೋಯಿತು. ಈಗ ಹೊಸಿಲು ದಾಟಿದರೆ ನೇರವಾಗಿ ಆಟೋದೊಳಗೇ ಕಾಲಿಡಬೇಕು.

“ಏನವ್ವ ಈ ನಂಬರು?” ಎಂದು ರಶ್ಮಿಯನ್ನು ಕೇಳಿದೆ.

“ಚಿತ್ರ ದೊಡ್ಡದು ಮಾಡಕ್ಕೆ ಅಜ್ಜಿ. ಕಾಗದದಲ್ಲಿರೋ ಒಂದನೇ ಚೌಕ ಗೋಡೆ ಮೇಲೆ ಒಂದನೇ ಚೌಕಕ್ಕೆ ಬತ್ತದೆ. ಹಿಂಗಾದ್ರೆ ಗೋಡೆಗೆ ಎರಡೇ ದಿನ.”

“ಯಾರು ಹೇಳ್ಕೊಟ್ಟಿದ್ದು?”

“ನಮ್ ಸರ್ರು.”

“ಆ ಸರ್ರು ಯಾವ ಆಫೀಸ್ನೋರು?”

“ಅಯ್ಯೋ ಅಜ್ಜಿ! ಮನೆ ಯಾರೂ ಮುಟ್ಟಲ್ಲ. ನನ್ ಮಾತು ಒಸಿ ನಂಬು.”

ನಂಬಿದೆ ಎಂದೆ. ನಂಬಲಿಲ್ಲ. ಹುಡುಗಿ ಸುಳ್ಳಿಯೆಂದಲ್ಲ. ಯಾರೋ ಬುದ್ಧಿವಂತರು ಅಳತೆಯ ಕೆಲಸವನ್ನು ಈ ಮಕ್ಕಳ ಕೈಲಿ ಬಿಟ್ಟಿ ಮಾಡಿಸಿಕೊಳ್ಳುತ್ತಿದ್ದಾರೆ ಎಂದು ತೀರ್ಮಾನಿಸಿದೆ. ಮಾರನೆ ದಿನ ಕೋಳಿ ಕೂಗುವ ಹೊತ್ತಿಗೆ ಎದ್ದು ಒಂದು ಬಕೆಟ್ ಸುಣ್ಣ ಕಲಸಿ ಗೋಡೆಯುದ್ದಕ್ಕೂ ಬಳಿದೆ. ಎದುರುಮನೆಯ ಜಯಮ್ಮನ ಕಿವಿಗೂ ಒಂದು ಮಾತು ಹಾಕಿದೆ. ಜಯಮ್ಮನಿಗೆ ಹೇಳಿದ ಮೇಲೆ ನಮ್ಮ ಬೀದಿಯಲ್ಲಿ ಇನ್ಯಾರಿಗೂ ಹೇಳುವ ಶ್ರಮವಿಲ್ಲ. ಹತ್ತು ಗಂಟೆಯೊಳಗೆ ಉಳಿದ ನಾಲ್ಕು ಗೋಡೆಯವರೂ “ಬ್ಯಾಡ” ಎಂದಾಗಿತ್ತು.

ಮಕ್ಕಳು ಬಂದು ಬಿಳಿ ಗೋಡೆಯ ಮುಂದೆ ನಿಂತರು. “ನಿಮ್ಮಜ್ಜಿ ಒಳ್ಳೇ ಪ್ರೈಮರ್ ಹೊಡ್ದವ್ರೆ ಕಣೇ” ಎಂದ ಮಂಜು. ಅಂಕಿ ಹಾಕದಿದ್ದರೆ ಬರೆದುಕೊಳ್ಳಿ ಎಂದೆ. ರಶ್ಮಿ ನಗಲಿಲ್ಲ, ಬೈಯಲೂ ಇಲ್ಲ. ಅಂಕಿಯೂ ಇಲ್ಲದೆ, ಗೆರೆಯೂ ಇಲ್ಲದೆ, ಕಣ್ಣಳತೆಯಲ್ಲೇ ಬರೆಯತೊಡಗಿದಳು. ಬರೆಯುವುದು, ಹಿಂದೆ ಸರಿದು ನೋಡುವುದು, ಅಳಿಸುವುದು. ವಾರಗಟ್ಟಲೆ ಹಿಡಿಯಿತು. ಗೂಡು ಆರಿಸುವ ಹೆಂಗಸರ ಚಿತ್ರ. ಅವರಲ್ಲೊಬ್ಬಳ ಮೂಗು ನನ್ನದೇ. ಕೇಳಿದರೆ “ಯಾರ್ದೋ” ಎಂದಳು. ನಾನು ದಿನಾ ಬೀದಿಯ ತುದಿಗೆ ಹೋಗಿ ಬುಲ್ಡೋಜರ್ ಬರುತ್ತದೆಯೇ ಎಂದು ನೋಡುತ್ತಿದ್ದೆ. ಬರಲಿಲ್ಲ. ಬಾರದೇ ಇದ್ದದ್ದೂ ನನಗೆ ಅನುಮಾನವೇ.

ಕಾಲೇಜು ತೆರೆಯಲು ಹತ್ತು ದಿನ ಇದ್ದಾಗ ಸರ್ರು ಬಂದರು. ಗೋಡೆಯ ಮುಂದೆ ಚಾಪೆ ಹಾಸಿಸಿ, ಬೇಸಿಗೆಯಲ್ಲಿ ಏನು ಕಲಿತಿರಿ ಎಂದು ಒಬ್ಬೊಬ್ಬರನ್ನೇ ಕೇಳಿದರು. ನಾನು ಟೀ ಕೊಡುವ ನೆಪದಲ್ಲಿ ಅಲ್ಲೇ ನಿಂತೆ. “ಈ ನಗರದ ಉಸಿರು ಕೇಳಿಸ್ಕೊಂಡೆ” ಎಂದಳು ದಿವ್ಯ. ನಮ್ಮ ಬೀದಿಯ ಉಸಿರೆಂದರೆ ಬೆಂದ ಗೂಡಿನ ನಾತ, ಮೂಗಿದ್ದರೆ ಸಾಕು. “ನನ್ನೊಳಗಿನ ನನ್ನನ್ನು ಕಂಡ್ಕೊಂಡೆ” ಎಂದ ಮಂಜು. ಅದೇ ಬೆಳಿಗ್ಗೆ ಅವನ ಚಪ್ಪಲಿ ಅವನಿಗೆ ಸಿಕ್ಕಿರಲಿಲ್ಲ. ನನ್ನ ಸುಣ್ಣವನ್ನು ಸರ್ರು “ಸಮುದಾಯದ ಪ್ರತಿಕ್ರಿಯೆ, ಬಹಳ ಮುಖ್ಯವಾದದ್ದು” ಎಂದು ಹೊಗಳಿ ಕೈಮುಗಿದರು. ಯಾರಾದರೂ ಹೊಗಳಿದರೆ ನಾನು ಮೊದಲು ಸೊಂಟದ ಚೀಲ ಮುಟ್ಟಿ ನೋಡಿಕೊಳ್ಳುತ್ತೇನೆ.

ಕೊನೆಗೆ ರಶ್ಮಿಯ ಸರದಿ. “ನಾನು ಕಲ್ತಿದ್ದು ಒಂದೇ ಸರ್. ನಮ್ಮಜ್ಜಿ ಬಾರದೇ ಇರೋ ಬುಲ್ಡೋಜರ್‌ನ ನಂಬ್ತಾರೆ, ಎದುರಿಗಿರೋ ನನ್ನ ನಂಬಲ್ಲ. ಐದ್ರಲ್ಲಿ ಒಂದೇ ಗೋಡೆ ಆಗೈತೆ. ನಂಗೆ ಕಾಗದ ಸಿಗಲ್ಲ.”

ಎಲ್ಲರೂ ನಕ್ಕರು. ಅವಳು ಬ್ರಷ್ ತೊಳೆಯಲು ಎದ್ದು ಹೋದಳು. ನಾನು ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ.

ಮಾರನೆಯ ಬೆಳಿಗ್ಗೆ ಮುಖಕ್ಕೆ ನೀರು ಹಾಕಿಕೊಂಡು ನೇರ ಜಯಮ್ಮನ ಮನೆಗೆ ಹೋದೆ. “ನಿನ್ ಗೋಡೆಗೆ ನಂಬರ್ ಹಾಕುಸ್ಕೊ. ಏನೂ ಆಗಕ್ಕಿಲ್ಲ” ಎಂದೆ.

ಹಲ್ಲುಜ್ಜುತ್ತಿದ್ದ ಜಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಏನಕ್ಕಾ, ಮೊನ್ನೆ ತಾನೆ ಮನೆ ಒಡೀತಾರೆ ಅಂತಿದ್ದೆ. ಈಗ ನಿಂಗೇನ್ ಕೊಟ್ರು?”

ಏನೂ ಇಲ್ಲ ಎಂದೆ. ನಂಬಲಿಲ್ಲ. ನಾನು ಮೂರನೇ ಮನೆ ಮುಟ್ಟುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು. ಆ ಮನೆಯ ಯಜಮಾನ ಬಾಗಿಲಲ್ಲೇ ಕಾದಿದ್ದ. “ನಮ್ ಗೋಡೆಗೇನ್ ಸಿಗ್ತದೆ ಅಜ್ಜಿ?” ನಾನು ನಿಜ ಹೇಳಲು ಬಾಯಿ ತೆರೆದೆ. “ಮೊದ್ಲು ಗೋಡೆ ಕೊಡಿ, ಆಮ್ಯಾಕೆ ಹೇಳ್ತೀನಿ” ಎಂಬ ಮಾತು ಬಂತು.

ಒಂಬತ್ತು ಗಂಟೆಗೆ ನಾಲ್ಕೂ ಗೋಡೆ ಸಿಕ್ಕವು. ರಶ್ಮಿ ಕಣ್ಣರಳಿಸಿ, “ಹೆಂಗ್ ಒಪ್ಸಿದೆ ಅಜ್ಜಿ?” ಎಂದಳು.

“ನಂಬ್ಕೆ ಮೇಲೆ” ಎಂದೆ.