ಬ್ಯಾಡ ಅಂದರೆ ಸಿಂಹ ಕರೆಯುವುದಿಲ್ಲ

ಬೇಕಾದ ವಸ್ತುವನ್ನು ಬೇಕು ಎಂದು ಬಾಯಿಬಿಟ್ಟವನು ಅಲ್ಲಿಗೇ ಮುಳುಗಿದ. ಭಾಲ್ಕಿಯ ದನದ ಸಂತೆಯಲ್ಲಿ ದಲಾಲಿ ಮಾಡುತ್ತ ನಾನು ಕಲಿತ ಮೊದಲ ಪಾಠ ಇದು; ಕೇಳಿದವರಿಗೂ ಕೇಳದವರಿಗೂ ಇಂದಿಗೂ ಬಿಟ್ಟಿಯಾಗಿ ಹೇಳಿಕೊಡುತ್ತೇನೆ. ಎತ್ತು ಎಷ್ಟೇ ಚೆಂದವಿರಲಿ, ಮೊದಲು ಮೂಗು ಮುರಿಯಬೇಕು. ಬಾಯಿ ತೆರೆಸಿ ಹಲ್ಲು ನೋಡಿ, ಸತ್ತವರ ಮನೆಗೆ ಬಂದವರಂತೆ ನಿಟ್ಟುಸಿರು ಬಿಡಬೇಕು. ಆಮೇಲೆ "ಬ್ಯಾಡ ಬಿಡ್ರಿ" ಎಂದು ಹತ್ತು ಹೆಜ್ಜೆ ನಡೆಯಬೇಕು. ಅವಸರ ಮಾಡಬಾರದು, ತಿರುಗಿ ನೋಡಲೂಬಾರದು. ಏಳನೆಯದಕ್ಕೋ ಎಂಟನೆಯದಕ್ಕೋ "ಏ ಸೇಠ್, ಬರ್ರಿಲ್ಲಿ" ಎಂಬ ಕೂಗು ಬಂದೇ ಬರುತ್ತದೆ. ಆಗ ಟವೆಲ್ಲಿನ ಕೆಳಗೆ ಕೈಗೆ ಕೈ ಸೇರುತ್ತದೆ, ಬೆರಳು ಹಿಡಿದು ದರ ತೀರ್ಮಾನವಾಗುತ್ತದೆ. ಎಷ್ಟು ಬೆರಳು ಹಿಡಿದರೋ ಅಷ್ಟು, ಪಕ್ಕದವನಿಗೆ ಸುಳಿವಿಲ್ಲ. ಬೀದರಿನ ನೌಬಾದಿನಲ್ಲಿ ನಾನು ಹಿಂಡಿ-ಬೂಸಾದ ಅಂಗಡಿ ಕಟ್ಟಿದ್ದು ಈ ಹತ್ತು ಹೆಜ್ಜೆಗಳ ಮೇಲೆಯೇ.

ಒಂದೇ ಒಂದು ಸಲ ಆ ಕೂಗು ಬಂದಿರಲಿಲ್ಲ. ಔರಾದ ತಾಲೂಕಿನ ಡಾಬಕಾಕ್ಕೆ ಹೆಣ್ಣು ನೋಡಲು ಹೋದಾಗಿನ ಮಾತು. ಹುಡುಗಿ ಮೊದಲ ನೋಟಕ್ಕೇ ಮನಸ್ಸಿಗೆ ಬಂದಿದ್ದಳು. ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಎರಡು ತಟ್ಟೆ ಅವಲಕ್ಕಿ ತಿಂದು, ಮೋರೆ ಸಣ್ಣದು ಮಾಡಿ, "ವಿಚಾರ ಮಾಡಿ ಹೇಳ್ತೇವ್ರಿ" ಎಂದು ಎದ್ದೆ. ಹುಡುಗಿಯ ಅಪ್ಪ ಕುರಿ ಸಾಕಿದ ಮನುಷ್ಯ. "ಹಾಂ, ಹೋಗಿ ಬರ್ರಿ" ಎಂದವರೇ ಹಟ್ಟಿಯ ಕಡೆ ನಡೆದುಬಿಟ್ಟರು. ಹತ್ತು ಹೆಜ್ಜೆಯಾಯಿತು, ಬಸ್ ಸ್ಟ್ಯಾಂಡ್ ಬಂತು, ಬಸ್ಸೂ ಬಂತು, ಕೂಗು ಮಾತ್ರ ಬರಲಿಲ್ಲ. ಕೊನೆಗೆ ನಾನೇ ತಿರುಗಿ ಹೋಗಿ, "ಛತ್ರಿ ಮರೆತಿದ್ದೆ" ಎಂದೆ. "ತಂದಿದ್ರೇನು?" ಎಂದರು ಮಾವ. ನನ್ನ ಹೆಂಡತಿ ಇಂದುಬಾಯಿ ಈಗಲೂ ನಾನು ಏನನ್ನಾದರೂ ಕಳೆದುಕೊಂಡಾಗಲೆಲ್ಲ ಮೊದಲು ಕೇಳುವುದು "ತಂದಿದ್ರೇನು?" ಎಂದೇ.

ಇಷ್ಟು ಪೀಠಿಕೆ ಯಾಕೆಂದರೆ, ಹೋದ ವರ್ಷ ಪಶು ಆಹಾರದ ಕಂಪನಿಯವರು ಒಳ್ಳೆಯ ಮಾರಾಟ ಮಾಡಿದ ಡೀಲರುಗಳಿಗೆ ಫಾರಿನ್ ಟೂರ್ ಕೊಟ್ಟರು. ಬ್ಯಾಂಕಾಕ್ ಇಲ್ಲವೇ ಆಫ್ರಿಕಾ, ಆಯ್ಕೆ ನಮ್ಮದು. ನಾನು ಬಾಯಿ ತೆರೆಯುವುದರೊಳಗೆ ಇಂದುಬಾಯಿ ಆಫ್ರಿಕಾ ಎಂದಳು. ಚಿಕ್ಕವಳಿದ್ದಾಗ ಅಪ್ಪನ ಹಟ್ಟಿಯಿಂದ ಅವಳ ಮುದ್ದಿನ ಮರಿಯೊಂದನ್ನು ತೋಳ ಎತ್ತಿಕೊಂಡು ಹೋಗಿತ್ತಂತೆ. "ತೋಳನೂ ಬಾಲ ಮುದುರುವಂಥಾ ಜನಾವರ ಒಂದು ಅದಲ್ಲಾ, ಸಿಂಹ, ಅದನ್ನ ಒಮ್ಮೆ ಕಣ್ಣಾರೆ ನೋಡಬೇಕ್ರಿ. ಮತ್ತೇನೂ ಬ್ಯಾಡ ನಂಗ" ಎಂದಳು. ಮದುವೆಯಾದಾಗಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಸಫಾರಿಗೆ ಹೋಗುವುದು ಎಂದ ಮೇಲೆ ಸಫಾರಿ ಹೊಲಿಸುವುದು ಬೇಡವೇ? ನಮ್ಮ ಬೀದರಿನಲ್ಲಿ ಸಫಾರಿ ಎಂದರೆ ಮದುವೆಗೆ, ಮುಂಜಿಗೆ, ಎಲೆಕ್ಷನ್ನಿಗೆ ಹಾಕಿಕೊಳ್ಳುವ ಸೂಟು. ಚೌಬಾರಾದ ಹತ್ತಿರ ನನಗೆ ಬಟ್ಟೆ ಹೊಲಿಯುವ ಖಾಲಿದ್ ಚಾಚಾ, "ಸೇಠ್, ಖಾಕಿ ತಗೋರಿ. ಜಂಗಲ್ದಾಗ ಅದೇ ಬರಾಬರ್" ಎಂದರು. ನನ್ನ ಕಣ್ಣು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಗಾಢ ನೀಲಿ ಕಟ್‌ಪೀಸಿನ ಮೇಲಿತ್ತು. ಮೂಗು ಮುರಿದೆ, ಹತ್ತು ಹೆಜ್ಜೆ ನಡೆದೆ, ಕೂಗು ಬಂತು, ಅರ್ಧ ದರಕ್ಕೆ ನೀಲಿ ಸಫಾರಿ ಸಿದ್ಧವಾಯಿತು. ಗೆದ್ದೆ ಎಂದುಕೊಂಡೆ.

ಟಾಂಜಾನಿಯಾದಲ್ಲಿ ನಮಗೆ ಸಿಕ್ಕ ಡ್ರೈವರ್ ಜುಮಾ. ಗುಜರಾತಿ ವ್ಯಾಪಾರಿಗಳನ್ನು ಸುತ್ತಾಡಿಸಿ ಹಿಂದಿ ಕಲಿತಿದ್ದ. ನಮ್ಮ ಬೀದರಿನ ಹಿಂದಿಗೂ ಅವನ ಹಿಂದಿಗೂ ಚೆನ್ನಾಗಿಯೇ ಹೊಂದಿಕೊಂಡಿತು. ನಾನು ಮೊದಲೇ ಇಂದುಬಾಯಿಗೆ ತಾಕೀತು ಮಾಡಿದ್ದೆ: "ಏನು ಕಂಡ್ರೂ ಕುಣದಾಡಬ್ಯಾಡ. ನಮಗ ಖುಷಿ ಆಗ್ಯಾದ ಅಂತ ಗೊತ್ತಾದ್ರ ಭಕ್ಷೀಸು ಜಾಸ್ತಿ ಕೇಳ್ತಾನ." ಹೀಗಾಗಿ ಜುಮಾ ಜೀಬ್ರಾ ತೋರಿಸಿದಾಗ, ಅಗಸರ ಕತ್ತೆಗೆ ಸುಣ್ಣ ಬಳಿದರೆ ಇದಕ್ಕಿಂತ ಚಲೋ ಕಾಣುತ್ತದೆ ಎಂದೆ. ಚಿಗರಿಗಳ ಹಿಂಡು ಕಂಡಾಗ, ಇವು ನಮ್ಮ ಔರಾದದ ತೊಗರಿ ಹೊಲದಲ್ಲೂ ಮೇಯುತ್ತವೆ ಎಂದೆ. ಜಿರಾಫೆಗೆ ಹಗ್ಗ ಎಲ್ಲಿ ಕಟ್ಟುವುದು ಎಂದು ಕೇಳಿದೆ. ಜುಮಾನ ಮುಖ ಬಾಡುತ್ತ ಬಂತು. ಭಕ್ಷೀಸು ಇಳಿಯುತ್ತಿದೆ ಎಂದು ನನಗೆ ಒಳಗೊಳಗೇ ಸಮಾಧಾನ.

ಅಷ್ಟರಲ್ಲಿ ಅವನ ವೈರ್‌ಲೆಸ್ ಗೊರಗುಟ್ಟಿತು. "ಸಾಬ್, ಸಿಂಬಾ! ಸಿಂಹ! ಸ್ವಲ್ಪ ದೂರ. ಹೋಗೋಣವೇ?" ಎಂದ. ದೂರ ಎಂದನಲ್ಲ, ದರ ಏರಿಸುವ ಪೀಠಿಕೆ ಇದೇ ಎಂದು ನನ್ನ ದಲಾಲಿ ಮೂಗಿಗೆ ವಾಸನೆ ಬಡಿಯಿತು. ಆಕಳಿಸಿ, "ರೆಹನೇ ದೋ, ಬ್ಯಾಡ ಬಿಡು" ಎಂದೆ. ಇನ್ನೊಮ್ಮೆ ಕೇಳುತ್ತಾನೆ ಎಂದು ಕಾದೆ. ಆ ಪುಣ್ಯಾತ್ಮ "ಠೀಕ್ ಹೈ ಸಾಬ್" ಎಂದು ಗಾಡಿ ತಿರುಗಿಸಿ, ಸಂಜೆಯವರೆಗೆ ನಮಗೆ ಕೊಕ್ಕರೆ ತೋರಿಸಿದ.

ಇಂದುಬಾಯಿ ಜಗಳವಾಡಲಿಲ್ಲ. ಅದೇ ಹೆದರಿಕೆ. ಊಟ ಮಾಡುವಾಗ ಮಾತ್ರ, "ಅಲ್ರೀ, ನಮ್ಮಪ್ಪನೇ ನಿಮ್ಮನ್ನ ತಿರುಗಿ ಕರೀಲಿಲ್ಲ, ಸಿಂಹ ಕರೀತದೇನ್ರಿ?" ಎಂದಳು. ಉಳಿದದ್ದು ಇನ್ನೊಂದೇ ದಿನ.

ಮರುದಿನ ಗಾಡಿ ಹತ್ತಿದವಳೇ ನನ್ನನ್ನು ಹಿಂದಿನ ಸೀಟಿಗೆ ದಬ್ಬಿ, ಜುಮಾನಿಗೆ ಎರಡೂ ಕೈ ಜೋಡಿಸಿದಳು. "ತಮ್ಮಾ, ನಂಗ ಸಿಂಬಾ ಬೇಕು. ಬೇಕೇ ಬೇಕು ನೋಡಪ್ಪ." ಅಚ್ಚ ಡಾಬಕಾದ ಕನ್ನಡ. ಜುಮಾನ ಮುಖ ಅರಳಿದ್ದು ನೋಡಬೇಕಿತ್ತು. ಮೊದಲ ದಿನ ಪೂರ್ತಿ ಆ ಒಂದು ಮಾತಿಗಾಗಿ ಅವನು ಕಾದಿದ್ದನೋ ಏನೋ. ಗಾಡಿ ಧೂಳೆಬ್ಬಿಸಿಕೊಂಡು ಓಡಿತು.

ಪೊದೆಗಳ ನಡುವೆ ಹೊಕ್ಕೆವೋ ಇಲ್ಲವೋ, ದನದ ನೊಣದ ದೊಡ್ಡಪ್ಪನಂಥ ನೊಣಗಳು ನನ್ನನ್ನು ಮುತ್ತಿಕೊಂಡವು. ಇಂದುಬಾಯಿಯ ಮೇಲೆ ಒಂದೂ ಇಲ್ಲ. ಬಟ್ಟೆಯ ಮೇಲಿಂದಲೇ ಸೂಜಿ ಇಳಿಸುತ್ತವೆ. ಜುಮಾ ತಿರುಗಿ ನೋಡಿ, "ನಿಮ್ಮದು ನೀಲಿ ಬಟ್ಟೆ, ಸಾಬ್. ಈ ನೊಣಗಳಿಗೆ ನೀಲಿ ಅಂದರೆ ಬಹಳ ಇಷ್ಟ. ಯಾರೂ ಹೇಳಲಿಲ್ಲವೇ?" ಎಂದ. ಖಾಲಿದ್ ಚಾಚಾ ಹೇಳಿದ್ದರು, ನಾನು ಅರ್ಧ ದರಕ್ಕೆ ಕಿವುಡನಾಗಿದ್ದೆ. ಒಂದು ರೆಪ್ಪೆ ಊದಿ ಮುಚ್ಚಿಕೊಂಡಿತು. ಮನೆಯಿಂದ ತಂದಿದ್ದ ಸೋಲಾಪುರದ ದಪ್ಪ ಚಾದರವನ್ನು ತಲೆಯಿಂದ ಕಾಲಿನವರೆಗೆ ಹೊದ್ದು ಗಂಟಿನಂತೆ ಕುಳಿತೆ.

ಗಾಡಿ ನಿಂತಿತು. ಎಂಜಿನ್ನೂ ನಿಂತಿತು. ಚಾದರ ಸರಿಸಲು ಹೋದರೆ ತಲೆಯ ಮೇಲೆ ಇಂದುಬಾಯಿಯ ಕೈ ಬಿತ್ತು. "ಅಲ್ಲಾಡಬ್ಯಾಡ್ರಿ," ಎಂದಳು ಪಿಸುದನಿಯಲ್ಲಿ. "ನಮ್ಮ ಗಾಡಿ ನೆರಳಿಗೇ ಬಂದು ಮಲಗ್ಯಾವ. ಹಂದಬಾರದಂತ ಹೇಳ್ಯಾನ ತಮ್ಮ." ನನ್ನ ಮೊಣಕೈಯಿಂದ ಎರಡು ಮೊಳ ದೂರದಲ್ಲಿ ಯಾವುದೋ ದೊಡ್ಡ ಜೀವ ಉಸಿರುಬಿಡುವುದು ಕೇಳುತ್ತಿತ್ತು. ಎಷ್ಟಿವೆ, ಹೇಗಿವೆ ಎಂದು ಕೇಳಲೂ ಧೈರ್ಯವಿಲ್ಲ. ಆಗ ಚಾದರದ ಕೆಳಗೆ ಅವಳ ಕೈ ಬಂತು. ಕುರಿ ಸಂತೆಯಲ್ಲಿ ಅಪ್ಪನ ಪಕ್ಕ ನಿಂತು ಬೆಳೆದವಳು. ನನ್ನ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಹಿಡಿದಳು: ಒಂದು, ಎರಡು, ಮೂರು, ನಾಲ್ಕು, ಐದು. ಹಿಡಿದ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ. ಅವಳ ಅಂಗೈ ಬೆಚ್ಚಗಿತ್ತು; ಆ ಐದು ಸಿಂಹಗಳನ್ನು ನಾನು ಕಂಡದ್ದು ಅಷ್ಟರಲ್ಲೇ. ಜುಮಾ ಎಷ್ಟು ಭಕ್ಷೀಸು ಕೇಳಿದ ಎಂದು ನೀವು ಕೇಳಬಹುದು. ಕೇಳಲೇ ಇಲ್ಲ. ಅವಳೇ ಕೊಟ್ಟಳು, ನನಗೆ ತೋರಿಸದೆ.

ಊರಿಗೆ ಬಂದ ಮೇಲೆ ಆ ನೀಲಿ ಸಫಾರಿಯನ್ನು ಮಡಿಚಿಕೊಂಡು ಖಾಲಿದ್ ಚಾಚಾರ ಅಂಗಡಿಗೆ ಹೋದೆ. ಅವರು ಮಶಿನ್ ನಿಲ್ಲಿಸಿ, "ಸಫಾರಿ ಹ್ಯಾಂಗಿತ್ತು ಸೇಠ್?" ಎಂದರು.

"ನೊಣಕ್ಕ ಭಾಳ ಪಸಂದ್ ಬಿತ್ತು ಚಾಚಾ. ವಾಪಸ್ ತಗೋರಿ."

"ನಾ ಖಾಕಿ ಅಂದಿದ್ದೆ" ಎಂದು ಅವರು ಮತ್ತೆ ಮಶಿನ್ ತುಳಿಯತೊಡಗಿದರು.

"ಬ್ಯಾಡ ಬಿಡ್ರಿ" ಎಂದು ಸೂಟು ಕಂಕುಳಲ್ಲಿಟ್ಟುಕೊಂಡು ನಡೆದೆ. ಅವಸರವಿಲ್ಲ, ತಿರುಗಿ ನೋಡುವುದಿಲ್ಲ. ಎಂಟು. ಒಂಬತ್ತು. ಹತ್ತನೆಯ ಹೆಜ್ಜೆ ಎತ್ತಿದ್ದೆ, ಹಿಂದಿನಿಂದ "ಏ ಸೇಠ್!" ಎಂಬ ಕೂಗು ಬಂತು. ವಿದ್ಯೆ ಕೈಬಿಡಲಿಲ್ಲ ಎಂದು ಹಿಗ್ಗಿ ತಿರುಗಿದೆ.

"ಸಿಂಹ ಹ್ಯಾಂಗಿದ್ವು, ಹೇಳಲೇ ಇಲ್ಲಲ್ರಿ?" ಎಂದರು ಚಾಚಾ.

ಬಲಗೈಯ ಬೆರಳುಗಳನ್ನೊಮ್ಮೆ ನೋಡಿಕೊಂಡೆ.

"ಬೆಚ್ಚಗಿದ್ವು" ಎಂದೆ.