ಕಾರಿನ ಹೊಟ್ಟೆಯೊಳಗೆ ಗುಡುಗು

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಮಿಷನ್ನುಗಳ ಪಕ್ಕ ನಿಂತವನು. ಸದ್ದು ಕೇಳಿಯೇ ಕಾಯಿಲೆ ಹೇಳಬಲ್ಲೆ! ಹಾಗಂತ ನಾನೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಯಾರೂ ಪರೀಕ್ಷೆ ಮಾಡಿರಲಿಲ್ಲ.

ಪರೀಕ್ಷೆ ಬಂದದ್ದು ಮೊಮ್ಮಗಳ ನಾಮಕರಣದ ದಿನ. ಮೊಮ್ಮಗಳೆಂದರೆ ಅಂತಿಂಥವಳಲ್ಲ. ಮೂರೇ ತಿಂಗಳಿಗೆ ನನ್ನ ಮೀಸೆ ಗುರುತು ಹಿಡಿದು ಎಳೆಯುತ್ತಾಳೆ! ನಮ್ಮ ಕೆಸರೆಯಲ್ಲಿ ಇಂಥ ಮಗು ಹುಟ್ಟಿದ್ದೇ ಇಲ್ಲ ಎಂದು ಹಾಲಿನವನಿಗೆ ದಿನಾ ಹೇಳುತ್ತೇನೆ. ಅವನು ಈಗೀಗ ಪ್ಯಾಕೆಟ್ಟನ್ನು ಗೇಟಿಗೆ ಸಿಕ್ಕಿಸಿ ಓಡಿಹೋಗುತ್ತಾನೆ.

ನಾಮಕರಣ ಅಗ್ರಹಾರದ ಬೀಗರ ಮನೆಯಲ್ಲಿ. ಶುಕ್ರವಾರ. ಹತ್ತೂವರೆಗೆ ರಾಹುಕಾಲ ಶುರುವಾಗುವುದರೊಳಗೆ ಮಗು ತೊಟ್ಟಿಲಲ್ಲಿರಬೇಕು. ಬೀಗರು ತಮ್ಮ ಹೊಸ ಕಾರು ತರುತ್ತೇನೆ ಎಂದರು. ನಾನು ಎದೆಯುಬ್ಬಿಸಿ, "ಬೇಡಿ ಬೀಗರೇ, ನನ್ ಮೊಮ್ಮಗಳು ಮೊದಲ ಸಲ ಅಪ್ಪನ ಮನೆಗೆ ಬರೋದು ತಾತನ ಕಾರಲ್ಲೇ!" ಎಂದುಬಿಟ್ಟೆ. ನನ್ನ ಕಾರಿಗೆ ಇಪ್ಪತ್ತೆರಡು ವರ್ಷ. ಮಗಳು ಸವಿತಳಿಗಿಂತ ನಾಲ್ಕೇ ವರ್ಷ ಚಿಕ್ಕದು.

ಬೆಳಿಗ್ಗೆ ಎದ್ದವನೇ ಕಾರಿಗೆ ಅಭ್ಯಂಜನ ಮಾಡಿಸಿದೆ. ಒರೆಸಲು ಬಟ್ಟೆಗೆಂದು ಡಿಕ್ಕಿಯೊಳಗೆ ಕೈಯಾಡಿಸಿದರೆ ಒಂದು ಹಳೇ ಪಂಚೆ ಸಿಕ್ಕಿತು. ಎಳೆದುಕೊಂಡೆ. ಬಾನೆಟ್ಟು ಎತ್ತಿ, ಇಂಜಿನ್ನಿಗೆ ಗಾಳಿ ಹೋಗುವ ಫಿಲ್ಟರ್ ಡಬ್ಬಿಯನ್ನೂ ಬಿಚ್ಚಿ ಒರೆಸತೊಡಗಿದೆ. ಅಷ್ಟರಲ್ಲಿ ಹೆಂಡತಿ ಜಯಮ್ಮ ಬಂದು ಏನೋ ಹೇಳಿದಳು. "ಆಯ್ತು, ಆಯ್ತು" ಎಂದೆ. ಅವಳು ಏನು ಹೇಳಿದರೂ ನನ್ನ ಉತ್ತರ ಅದೇ. ಒಳಗಿಂದ ಸವಿತ ಕೂಗಿದಳು: "ಅಪ್ಪಾ, ಬೇಗ ಬಾ, ಪಾಪು ನಗ್ತಾವ್ಳೆ!"

ಓಡಿದೆ. ನೋಡಿದೆ. ತೇಲುತ್ತ ವಾಪಸು ಬಂದು ಡಬ್ಬಿ ಮುಚ್ಚಿ ಸ್ಕ್ರೂ ಬಿಗಿದೆ.

ಹೊರಟೆವು. ಪಕ್ಕದಲ್ಲಿ ಜಯಮ್ಮ, ಹಿಂದೆ ಮಗುವನ್ನೆತ್ತಿಕೊಂಡ ಸವಿತ. ಮೊದಲ ತಿರುವಿನಲ್ಲೇ ಗುಡುಗುಡುಗುಡು... ದಢ್!

"ಏನ್ರೀ ಅದು?"

"ಬೇರಿಂಗ್ ಕಣೇ."

ಎರಡನೇ ತಿರುವು. ಗುಡುಗುಡು... ದಢ್!

"ಈಗೇನ್ರೀ?"

"ಗೇರ್‌ಬಾಕ್ಸು."

ಮೂರು ಹಂಪು ದಾಟುವಷ್ಟರಲ್ಲಿ, ಹಾರನ್ನೊಂದನ್ನು ಬಿಟ್ಟು ಕಾರಿನ ಎಲ್ಲ ಅಂಗಗಳೂ ಕೆಟ್ಟಿವೆ ಎಂದು ಅಧಿಕೃತವಾಗಿ ಘೋಷಿಸಿದ್ದೆ. ಜೊತೆಗೆ ಎಳೆಯುವ ಶಕ್ತಿಯೂ ಇಲ್ಲ. ಒತ್ತಿದಷ್ಟೂ ಉಬ್ಬಸದವರ ಏದುಸಿರು! ಸೈಕಲ್ಲಿನಲ್ಲಿ ಸೊಪ್ಪು ಮಾರುವವನು ನಮ್ಮನ್ನು ಹಿಂದೆ ಹಾಕಿದ. ಹಾಕಿದವನು ಸುಮ್ಮನೆ ಹೋಗಬಾರದೇ? ಹಿಂತಿರುಗಿ, "ಮೆಂತ್ಯ ಬೇಕಾ ಅಮ್ಮಾ?" ಎಂದು ಕೇಳಿದ.

"ಭಾರ ಜಾಸ್ತಿಯಾಗಿದೆ" ಎಂದು ತೀರ್ಪು ಕೊಟ್ಟು ಜಯಮ್ಮನನ್ನು ಇಳಿಸಿ ಆಟೋ ಹತ್ತಿಸಿದೆ.

"ನಾನ್ ಭಾರನಾ? ಮನೆಗ್ ಬನ್ನಿ, ತೂಕ ಮಾಡ್ತೀನಿ!"

ಅವಳು ಇಳಿದರೂ ಕಾರು ಹಗುರಾಗಲಿಲ್ಲ. ನಜೀರ್ ಸಾಬರ ಗ್ಯಾರೇಜಿನ ಮುಂದೆ ಕೆಮ್ಮಿ ನಿಂತೇಬಿಟ್ಟಿತು. ಸ್ವಲ್ಪ ಹೊತ್ತಿಗೆ ಎದುರಿಗೆ ಬೀಗರ ಹೊಸ ಕಾರು! ಜಯಮ್ಮ ಆಟೋದಿಂದಲೇ ಫೋನು ಮಾಡಿದ್ದಳಂತೆ.

"ಬೇಜಾರ್ ಮಾಡ್ಕೋಬೇಡ ಕಣಪ್ಪ, ಟೈಮಾಯ್ತು" ಎಂದು ಸವಿತ ಹತ್ತಿದಳು. ಮೊಮ್ಮಗಳು ಹೊಸ ಸೀಟಿನಲ್ಲಿ ಅಮ್ಮನ ಮಡಿಲಿಂದಲೇ ನಕ್ಕಳು. ಆ ಒಂದು ನಗು ಮಾತ್ರ ನನಗೆ ಅಷ್ಟಾಗಿ ಹಿಡಿಸಲಿಲ್ಲ.

ನಜೀರ್ ಸಾಬರಿಗೆ ನನ್ನ ರೋಗಪಟ್ಟಿ ಒಪ್ಪಿಸಿದೆ. ಅವರು ಹೇಗೋ ಸ್ಟಾರ್ಟ್ ಮಾಡಿ, ಇಂಜಿನ್ನಿಗೆ ಸ್ಕ್ರೂಡ್ರೈವರ್ ಒತ್ತಿ, ಅದರ ಹಿಡಿಗೆ ಕಿವಿಯಿಟ್ಟು ಕೇಳಿದರು. ಗುಡುಗುಡು ಇಲ್ಲ, ದಢ್ ಇಲ್ಲ.

"ಸೌಂಡ್ ಎಲ್ಲಿ ಯಜಮಾನ್ರೇ?"

"ಓಡುವಾಗ ಬತ್ತದೆ, ನಿಂತ್ರೆ ಇಲ್ಲ!"

ಆಗ ಜಯಮ್ಮನ ಫೋನು. "ರೀ, ತೊಟ್ಲು ರೆಡಿ, ಪಾಪು ರೆಡಿ. ಗುಂಡ್‌ಕಲ್ ಎಲ್ರೀ?"

ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ಮೊದಲು ರುಬ್ಬುವ ಗುಂಡುಕಲ್ಲಿಗೆ ಎಣ್ಣೆ ನೀರೆರೆದು, ಕುಲಾವಿ ತೊಡಿಸಿ, ತೊಟ್ಟಿಲಲ್ಲಿಟ್ಟು ತೂಗಬೇಕು. ಕಲ್ಲಿನಂತೆ ಗಟ್ಟಿಯಾಗಿರಲಿ ಎಂದು. ಬೀಗರ ಮನೆಯಲ್ಲಿ ಬರೀ ಮಿಕ್ಸಿ.

"ನನ್ನನ್ ಕೇಳಿದ್ರೆ?"

"ಬೆಳಿಗ್ಗೇನೆ ಬಡ್ಕೊಂಡ್ನಲ್ಲ, ಉರುಳದಂಗೆ ಪಂಚೇಲಿ ಸುತ್ತಿ ಡಿಕ್ಕೀಲಿ ಮಡಗಿವ್ನಿ ಅಂತ! ಆಯ್ತು ಆಯ್ತು ಅಂದ್ರಿ!"

ಅವಳ ಕೂಗು ಫೋನಿನಾಚೆಗೂ ಕೇಳಿಸಿತ್ತು. ನಜೀರ್ ಸಾಬರು ಡಿಕ್ಕಿ ತೆಗೆದರು. ಗುಂಡುಕಲ್ಲು ಬರೀ ಮೈಯಲ್ಲಿ ಮಲಗಿತ್ತು.

"ಯಜಮಾನ್ರೇ, ಬೇರಿಂಗ್ ಸಿಕ್ತು."

ಆಮೇಲೆ ಫಿಲ್ಟರ್ ಡಬ್ಬಿ ಬಿಚ್ಚಿ ಎಳೆದರು. ಎಳೆದರು. ಇನ್ನೂ ಎಳೆದರು. ಪಂಚೆಯ ಅಂಚು ಕೊನೆಗೂ ಹೊರಬಂತು.

"ಗೇರ್‌ಬಾಕ್ಸೂ ಸಿಕ್ತು!"

ಉಸಿರು ಬಂದ ಕಾರು ಕುದುರೆಯಂತೆ ಓಡಿತು. ಹತ್ತೂ ಇಪ್ಪತ್ತಕ್ಕೆ ಅಗ್ರಹಾರ ತಲುಪಿದೆ. ಇಡೀ ಮನೆ ಬಾಗಿಲಿಗೆ ಬಂತು. "ಬಂತಾ? ಬಂತಾ?" ಎಂದು ಕಲ್ಲನ್ನು ಎತ್ತಿಕೊಂಡು ಒಳಗೋಡಿದರು. ನನ್ನನ್ನು ಯಾರೂ ಕರೆಯಲಿಲ್ಲ. ಕಲ್ಲು ತೂಗಿಸಿಕೊಂಡಿತು, ರಾಹುಕಾಲಕ್ಕೆ ಎರಡು ನಿಮಿಷವಿರುವಾಗ ಮೊಮ್ಮಗಳು ತೊಟ್ಟಿಲೇರಿದಳು. ನಾನು ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದಾಗ ಮೀಸೆ ಹಿಡಿದು ಎಳೆದಳು ನೋಡಿ! ಎಲ್ಲ ಅವಮಾನವೂ ಅಲ್ಲೇ ಮಾಫಿ.

ಸಂಜೆ ಮಗು, ಬಾಣಂತಿ, ಜಯಮ್ಮ ಮೂವರೂ ಹೊಸ ಕಾರಿನಲ್ಲೇ ಕೆಸರೆಗೆ ಹೊರಟರು. ನನಗೆ ಸಿಕ್ಕಿದ್ದು ಗುಂಡುಕಲ್ಲು. ಈ ಸಲ ಡಿಕ್ಕಿಗೆ ಹಾಕಲಿಲ್ಲ. ಕುಲಾವಿ ಸಮೇತ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದೆ. ದಾರಿಯುದ್ದಕ್ಕೂ ಒಂದು ಸದ್ದಿಲ್ಲ.

ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತವನು ಅದೇ ಸೊಪ್ಪಿನವನು. ಗಾಜಿನೊಳಗೆ ಇಣುಕಿ, ಕುಲಾವಿ ನೋಡಿ, ಬಾಯ್ತುಂಬ ನಕ್ಕ.

"ಮೊಮ್ಮಗುನಾ ಯಜಮಾನ್ರೇ? ಥೇಟ್ ನಿಮ್ಮಂಗೇ ಅದೆ!"

ಆ ದಿನ ನಡೆದ ತಪಾಸಣೆಗಳಲ್ಲಿ, ನೋಡಿದ ತಕ್ಷಣ ಸರಿಯಾಗಿ ಹೇಳಿದವನು ಅವನೊಬ್ಬನೇ.